ಎರಡು ಪಾದ, ಒಂದು ಸದ್ದು

ಕ್ರೀಡಾಂಗಣದ ಹಿಂಗೋಡೆಗೆ ಬೆನ್ನು ಕೊಟ್ಟು ಕೂರುವ ಶೂ ರಿಪೇರಿಯವನಿಗೆ ಒಳಗಿನ ವಾಲಿಬಾಲ್ ಅಭ್ಯಾಸವನ್ನು ಕಣ್ಣಾರೆ ನೋಡುವ ಭಾಗ್ಯವಿರಲಿಲ್ಲ. ಹೆತ್ತವರು ಒಳಗೆ ಬರಕೂಡದು ಎಂದು ಬಾಗಿಲಿಗೆ ಬೋರ್ಡು ತಗುಲಿಸಿದ್ದರು. ತಗುಲಿಸಿಕೊಳ್ಳಲಿ ಬಿಡಿ, ಅವನ ತಲೆಯ ಮೇಲೆಯೇ ಒಂದು ಗಾಳಿಕಿಂಡಿ ಇತ್ತು. ಚೆಂಡು ಅಂಗೈಗೆ ಬಡಿಯುವುದು, ನೆಟ್ಟು ಜಗ್ಗುವುದು, ಮರದ ನೆಲದ ಮೇಲೆ ಶೂಗಳು ಕಿರ್ರೆನ್ನುವುದು ಎಲ್ಲವೂ ಅಲ್ಲಿಂದ ಕೇಳುತ್ತಿತ್ತು. ತಂಡದ ಹುಡುಗಿಯರ ಶೂಗಳಿಗೆಲ್ಲ ಅಟ್ಟೆ ಹಾಕಿದವನು ಅವನೇ. ಹಾಗಾಗಿ ಯಾರು ಓಡಿದರು, ಯಾರು ಜಾರಿದರು ಎಂದು ಕೂತಲ್ಲಿಂದಲೇ ಹೇಳಬಲ್ಲವನಾಗಿದ್ದ.

ಆ ಹುಡುಗಿಯರಲ್ಲಿ ಒಬ್ಬಳು ಅವನ ಮಗಳು. ಹಾರುವುದರಲ್ಲಿ ಎತ್ತಿದ ಕೈ, ಅದಕ್ಕೇ ಎಲ್ಲರ ಬಾಯಲ್ಲೂ ಮಿಡತೆ.

ಕೋಚ್‌ಗೂ ಒಂದು ಅಡ್ಡಹೆಸರಿತ್ತು, ಬೆನ್ನ ಹಿಂದೆ ಮಾತ್ರ ಕರೆಯುವಂಥದ್ದು: ಕಿವಿ ಮೇಡಂ. ಹುಡುಗಿಯರು ನೆಟ್ಟಿನ ಮುಂದೆ ಹಾರುವಾಗ ಆಕೆ ಗೋಡೆಯತ್ತ ಮುಖ ಮಾಡಿ ನಿಲ್ಲುತ್ತಿದ್ದಳು. ಹಾರಿ ಇಳಿದಾಗ ಎರಡು ಪಾದಕ್ಕೂ ಸೇರಿ ಒಂದೇ ಸದ್ದು ಬರಬೇಕು. ಎರಡು ಬಂತೋ, ಆ ಹುಡುಗಿ ಅವತ್ತು ಬೆಂಚಿಗೆ. ಯಾಕೆ ಏನು ಎಂದು ಹೇಳುವ ಜಾಯಮಾನ ಆಕೆಯದಲ್ಲ. ಶೂ ರಿಪೇರಿಯವನಿಗೆ ಮಾತ್ರ ಆಕೆಯ ಮೇಲೆ ಒಳಗೊಳಗೇ ಗೌರವ. ತನ್ನ ಹಾಗೆ ಕಿವಿಯನ್ನೇ ನಂಬಿ ಬದುಕುವ ಇನ್ನೊಂದು ಜೀವ ಇದೆಯಲ್ಲ ಎಂದು ಖುಷಿ.

ಮೂರು ವಾರದ ಹಿಂದೆ ಗಾಳಿಕಿಂಡಿಯಿಂದ ಎರಡು ಸದ್ದು ಬಂದವು. ಟಪ್, ಅದರ ಬೆನ್ನಿಗೇ ಇನ್ನೊಂದು ಸಣ್ಣ ಟಪ್. ಬಲಗಾಲು ಮೊದಲು, ಎಡಗಾಲು ಆಮೇಲೆ. ಶೂ ಮಗಳದ್ದೇ. ಮನೆಯಲ್ಲಿ ಕೇಳಿದರೆ ಮೊದಲು ಹಾರಿಕೆಯ ಉತ್ತರ ಕೊಟ್ಟಳು, ಆಮೇಲೆ ಎಡಮಂಡಿ ನೋಯುತ್ತದೆ ಎಂದು ಬಾಯಿ ಬಿಟ್ಟಳು. ಡಾಕ್ಟರ ಹತ್ತಿರ ಹೋಗಲು ಸುತರಾಂ ಒಪ್ಪಲಿಲ್ಲ. ಅವರು ಆಡಬೇಡ ಎಂದುಬಿಟ್ಟರೆ? ಬರುವ ಶುಕ್ರವಾರ ಟೂರ್ನಿಯ ತಂಡದ ಆಯ್ಕೆ, ಕಿವಿ ಮೇಡಂ ಬೇರೆ ಅವಳನ್ನು ದಿನವೂ ಬೆಂಚಿಗೆ ಕಳಿಸುತ್ತಿದ್ದಳು.

ಬುಧವಾರ ಅವಳು ಎಡಗಾಲಿನ ಶೂ ಹಿಡಿದು ಅಪ್ಪನ ಮುಂದೆ ಕೂತಳು.

“ಇದರ ಅಟ್ಟೆಗೆ ಒಂದು ಪದರ ಜಾಸ್ತಿ ಹಾಕ್ಕೊಡಪ್ಪ. ಎರಡೂ ಒಟ್ಟಿಗೇ ನೆಲ ಮುಟ್ಟುತ್ತೆ. ಅವರಿಗೆ ಗೊತ್ತಾಗಲ್ಲ.”

“ಮಂಡಿಗೆ ಗೊತ್ತಾಗಲ್ವಾ?”

“ಶುಕ್ರವಾರ ಒಂದು ಕಳೀಲಿ. ಆಮೇಲೆ ನೀನು ಹೇಳಿದ ಡಾಕ್ಟರ ಹತ್ರ ಬರ್ತೀನಿ.”

ಅವನು ಆಗುವುದಿಲ್ಲವೆಂದ. ಅವಳು ಊಟ ಬಿಟ್ಟಳು, ಮಾತು ಬಿಟ್ಟಳು. ಆರು ವರ್ಷದಿಂದ ಒಂದು ದಿನವೂ ತಪ್ಪಿಸದೆ ಬೆವರು ಸುರಿಸಿದ ಮಗು, ಕೇಳಿದ್ದು ಒಂದು ತುಂಡು ರಬ್ಬರು. ಗುರುವಾರ ಬೆಳಿಗ್ಗೆ ಅವನು ರಬ್ಬರು ಕತ್ತರಿಸಿ ಅಂಟಿಸಿದ. ಹೊಸದು ಯಾವುದು ಹಳೆಯದು ಯಾವುದು ತಿಳಿಯದಂತೆ ಅಂಚು ಉಜ್ಜಿದ. ಕೆಲಸ ನೋಡಿ ಒಂದು ಗಳಿಗೆ ಹೆಮ್ಮೆಯೂ ಪಟ್ಟ, ಅದನ್ನು ನೆನೆದರೆ ಅವನಿಗೆ ಈಗಲೂ ನಾಚಿಕೆ.

ಸಂಜೆ ಅಭ್ಯಾಸ ಶುರುವಾಯಿತು. ಮಗಳು ಹಾರಿದಳು, ಇಳಿದಳು. ಒಂದೇ ಸದ್ದು. ಮತ್ತೆ ಹಾರಿದಳು. ಮತ್ತೆ ಒಂದೇ. ಅಬ್ಬಾ ಎಂದು ಉಸಿರು ಬಿಡಬೇಕು, ಅಷ್ಟರಲ್ಲಿ ಅವನಿಗೆ ಹೊಳೆಯಿತು: ಇಷ್ಟು ದಿನ ಮಗಳ ನೋವು ಈ ಕಿಂಡಿಯಿಂದ ಅವನಿಗೆ ಕೇಳುತ್ತಿತ್ತು, ಇನ್ನು ಕೇಳುವುದಿಲ್ಲ. ತನ್ನ ಕಿವಿಗೆ ತಾನೇ ಅಂಟು ಸುರಿದುಕೊಂಡಿದ್ದ.

ಸೀಟಿ ಕೇಳಿಸಿತು. “ಮಿಡತೆ, ಇನ್ನೂ ಹತ್ತು,” ಎಂದಿತು ಮೇಡಂ ದನಿ.

ಅವನು ಎದ್ದು ನಿಂತ. ಬಾಗಿಲು ತಟ್ಟಿ ಸಾಕು ನಿಲ್ಲಿಸಿ ಎನ್ನಬಹುದಿತ್ತು. ಎಂದರೆ ಮಗಳು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಕೂತ. ಮೂರು. ನಾಲ್ಕು. ಸುತ್ತಿಗೆ ಕೈಯಲ್ಲಿತ್ತು, ಯಾರದೋ ಶೂವಿನ ಹಿಮ್ಮಡಿ ಅರ್ಧಕ್ಕೇ ನಿಂತಿತ್ತು. ಐದು. ಆರು. ಏಳನೆಯ ಸಲ ಕಾಲಿನ ಸದ್ದೇ ಬರಲಿಲ್ಲ, ಮೈ ನೆಲಕ್ಕೆ ಬಿದ್ದ ಸದ್ದು ಬಂತು. ಆಮೇಲೆ ಒಂದು ಚೆಂಡು ಮಾತ್ರ ತನ್ನಷ್ಟಕ್ಕೆ ಪುಟಿಯುತ್ತ ದೂರ ಹೋಗಿ ನಿಂತಿತು.

ಬೋರ್ಡು ಗೀರ್ಡು ನೋಡದೆ ಒಳಗೆ ಓಡಿದ. ಮಗಳು ಮಂಡಿ ಹಿಡಿದು ತುಟಿ ಕಚ್ಚಿ ಮಲಗಿದ್ದಳು. ಮಂಡಿ ಆಗಲೇ ಊದಿಕೊಂಡಿತ್ತು. ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮೇಡಂ ಶೂ ಬಿಚ್ಚುತ್ತಿದ್ದಳು. ಆಂಬುಲೆನ್ಸಿಗೆ ಹೇಳಿಯಾಗಿದೆ ಎಂದಳು. ಅಷ್ಟು ಮಾತಾಡುವವಳೇ ಅಲ್ಲ, ಆದರೆ ಅವತ್ತು ನಿಲ್ಲಿಸಲಿಲ್ಲ.

“ತಂಡದ ಪಟ್ಟಿಯಲ್ಲಿ ಇವಳ ಹೆಸರು ಯಾವತ್ತೋ ಬರೆದಾಗಿತ್ತು. ಮಂಡಿ ಸುಧಾರಿಸ್ಕೊಳ್ಳಲಿ ಅಂತಲೇ ಮೂರು ವಾರ ಕೂರಿಸಿದ್ದೆ. ಇವತ್ತು ಸದ್ದು ಸರಿಯಾಗಿತ್ತು, ಅದಕ್ಕೇ ಹಾರಿಸಿದೆ. ನನ್ನ ಕಿವಿಗೆ ವಯಸ್ಸಾಯ್ತೋ ಏನೋ.”

ಮಗಳು ಕಣ್ಣಲ್ಲೇ ಅಪ್ಪನನ್ನು ಬೇಡಿಕೊಂಡಳು. ಅವನು ಅವಳತ್ತ ನೋಡದೆ ಬಗ್ಗಿದ. ನೆಲದ ಮೇಲಿದ್ದ ಎಡಗಾಲಿನ ಶೂ ಎತ್ತಿ ಮೇಡಂ ಕೈಗೆ ಕೊಟ್ಟ.

ಆಕೆ ಅದನ್ನು ನೆಲಕ್ಕೆ ಒಮ್ಮೆ ತಟ್ಟಿದಳು. ಮಗಳ ಬಲಗಾಲಿನ ಶೂ ಬಿಚ್ಚಿ ಅದನ್ನೂ ತಟ್ಟಿದಳು. ಎರಡರ ಸದ್ದು ಒಂದೇ ಆಗಿರಲಿಲ್ಲ. ಆಮೇಲೆ ಅವನ ಬೆರಳಿಗೆ ಅಂಟಿದ್ದ ಒಣಗಿದ ಅಂಟನ್ನು ನೋಡಿದಳು.