ಸೊನ್ನೆ ಮಾಡಿದ ಮೀಟರ್

ತಂಗಿಯ ಫೋನು ಬಂದ ಮೇಲೆ ನನ್ನ ಜೀವ ಬಾಯಿಗೆ ಬಂತು. ನಾವಿಬ್ಬರೂ ಒಂದೇ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಆಪರೇಟರುಗಳು. ಆವತ್ತು ನನಗೆ ರಜೆ.

"ಅಕ್ಕಾ, ಲ್ಯಾಂಪ್ ಮಿಣುಕ್ತಾ ಇದೆ. ಮ್ಯಾಟಿನಿಗೆ ಮುಂಚೆ ಬಿಚ್ಚಿ ನೋಡ್ತೀನಿ. ಆ ಫೇಸ್‌ಶೀಲ್ಡ್ ಹಾಕ್ಕೊಂಡ್ರೆ ಏನೂ ಕಾಣಲ್ಲ, ಬಿಡು. ಹೊಸ ಲ್ಯಾಂಪ್ ತಾನೆ?" ಎಂದವಳು ನನ್ನ ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತುತ್ತಿಲ್ಲ.

ಹೊಸದಂತೆ, ಹೊಸದು! ಆ ಕ್ಸೆನಾನ್ ಲ್ಯಾಂಪಿನೊಳಗೆ ಅನಿಲವನ್ನು ಒತ್ತಿ ತುಂಬಿರುತ್ತಾರೆ. ಇಷ್ಟು ಗಂಟೆ ಉರಿದ ಮೇಲೆ ತೆಗೆಯಲೇಬೇಕೆಂಬುದು ನಿಯಮ. ಇಲ್ಲದಿದ್ದರೆ ಆರಿಸಿ ತಣ್ಣಗಾದ ಮೇಲೂ ಕೈ ತಾಗಿ ಸಿಡಿದೀತು, ಗಾಜಿನ ಚೂರು ಮುಖಕ್ಕೆ ನಾಟೀತು. ನಮ್ಮದರ ಗಡುವು ಮುಗಿದು ಎರಡು ತಿಂಗಳಾಗಿತ್ತು. "ಇನ್ನೊಂದಷ್ಟು ದಿನ ತಳ್ಳಿಬಿಡಮ್ಮಾ" ಎಂದು ಮ್ಯಾನೇಜರ್ ಗೋಗರೆದದ್ದಕ್ಕೆ ಲ್ಯಾಂಪ್ ಉರಿದ ಗಂಟೆ ಎಣಿಸುವ ಮೀಟರನ್ನು ಸೊನ್ನೆಗೆ ತಂದು, ಪುಸ್ತಕದಲ್ಲಿ 'ಹೊಸ ಲ್ಯಾಂಪ್ ಹಾಕಲಾಗಿದೆ' ಎಂದು ಬರೆದು ಸಹಿ ಹಾಕಿದವಳು ನಾನೇ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ತಂಗಿಗೆ ಹೇಳಿರಲಿಲ್ಲ. ಲೈಸೆನ್ಸ್ ಹೋಗುವ ವಿಷಯ, ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ಚಪ್ಪಲಿ ಕೂಡ ಮೆಟ್ಟದೆ ಓಡಿದೆ. ಎರಡು ಬೀದಿ ಎರಡು ಹರದಾರಿಯಾಯಿತು. ಗೇಟಿನವನು "ಏನಕ್ಕಾ, ರಜಾ ದಿನಾನೂ ಸಿನಿಮಾನಾ?" ಎಂದು ಹಲ್ಲು ಕಿರಿದ. ಅವನನ್ನು ತಳ್ಳಿಕೊಂಡು ಮೆಟ್ಟಿಲು ಹತ್ತಿದೆ. ದೇವರೇ, ಅವಳ ಕಣ್ಣು ಉಳಿಸು, ನನ್ನ ಕೆಲಸ ಹಾಳಾಗಿ ಹೋಗಲಿ ಎಂದು ಮೆಟ್ಟಿಲಿಗೊಮ್ಮೆ ಹೇಳಿಕೊಂಡೆ.

ತಂಗಿ ಬರಿಮುಖದಲ್ಲಿ ಬಗ್ಗಿ ಲ್ಯಾಂಪಿನ ಪೆಟ್ಟಿಗೆಯ ಕೊನೆಯ ಸ್ಕ್ರೂ ಬಿಚ್ಚುತ್ತಿದ್ದಳು. ಕೂಗಿದರೆ ಬೆಚ್ಚಿ ಕೈ ಜಾರಿಸಿಯಾಳು. ಸದ್ದಿಲ್ಲದೆ ಹೋಗಿ ಜಡೆ ಹಿಡಿದು ಹಿಂದಕ್ಕೆ ಎಳೆದೆ.

"ಅಯ್ಯಯ್ಯೋ! ಹುಚ್ಚು ಹಿಡಿದಿದ್ಯಾ ನಿಂಗೆ?"

"ಅದು ಹಳೇ ಲ್ಯಾಂಪು ಕಣೇ. ಮೀಟರ್ ಸೊನ್ನೆ ಮಾಡಿದ್ದು ನಾನು. ಗಡುವು ಮುಗಿದು ಎರಡು ತಿಂಗಳಾಯ್ತು."

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. ಬೈಯಲಿ, ಬೇಕಾದರೆ ಎರಡು ಬಾರಿಸಲಿ ಎಂದು ಕಾದೆ. ಅವಳು ಯಾವುದೋ ದಿನವನ್ನು ನೆನಪು ಮಾಡಿಕೊಳ್ಳುವವಳಂತೆ ನನ್ನ ಮುಖವನ್ನೇ ನೋಡಿದಳು.

"ಹೋದ ವಾರ ಇದೇ ಪೆಟ್ಟಿಗೆ ತೆಗೆದು ಒಳಗಿನ ಕನ್ನಡಿ ಒರೆಸಿದ್ನಲ್ಲ, ಹೀಗೇ ಬರಿಮುಖದಲ್ಲಿ. ನೀನೂ ಇದ್ದೆ."

"ಹೂಂ."

"ಆಗ್ಲೂ ನಿಂಗೆ ಗೊತ್ತಿತ್ತು."

ನಾನು ಮೂಲೆಯಲ್ಲಿದ್ದ ಫೇಸ್‌ಶೀಲ್ಡ್ ಎತ್ತಿ ಅವಳತ್ತ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

"ಅಕ್ಕಾ, ಹಾಗಿದ್ರೆ ಆವತ್ತು ನೀನೊಬ್ಬಳೇ ಬಾಗಿಲಿಂದಾಚೆ ಹೋಗಿ ನಿಂತಿದ್ದು ಅದಕ್ಕೇನಾ?"