ಎರಡು ಕಣ್ಣಿನ ಸೂಜಿ

“ಹುಡುಕೇ ಲೌಡಿ, ನೆಲ ನೆಕ್ಕಿಯಾದ್ರೂ ಹುಡುಕು. ಸಿಗೋ ತನಕ ಮೇಲೇಳಂಗಿಲ್ಲ” ಎಂದು ಮ್ಯಾನೇಜರ್ ಮುನಿರಾಜು ನಿಂತಲ್ಲೇ ಕುದಿಯುತ್ತಿದ್ದ. ಹಮೀದಾ ತನ್ನ ಹೊಲಿಗೆ ಮಷೀನಿನ ಕೆಳಗೆ ಮೊಣಕಾಲೂರಿ, ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆ ಎಳೆಯುತ್ತಿದ್ದಳು. ಅದಕ್ಕೆ ಮೂರು ಗುಂಡುಪಿನ್ನು, ಯಾರದೋ ಒಂದು ಹೇರ್‌ಪಿನ್ನು ಅಂಟಿಕೊಂಡು ಬಂದಿದ್ದವು. ಬೇಕಾದದ್ದು ಬಂದಿರಲಿಲ್ಲ.

ಬೇಕಾದದ್ದು ಮುರಿದ ಸೂಜಿಯ ಮೊನೆ. ಎಳ್ಳುಕಾಳಿನಷ್ಟು ಇದ್ದೀತು.

ಕೆ.ಆರ್. ಪುರದ ರೈಲ್ವೆ ಸ್ಟೇಷನ್ನಿನಾಚೆಗಿನ ಆ ಗಾರ್ಮೆಂಟ್ಸಿನಲ್ಲಿ ಸೂಜಿ ಮುರಿದರೆ ಒಂದು ಕಟ್ಟಳೆ ಇತ್ತು. ತುಂಡುಗಳನ್ನೆಲ್ಲ ಹುಡುಕಿ, ರಿಜಿಸ್ಟರಿನ ಹಾಳೆಯ ಮೇಲೆ ಮೊದಲಿದ್ದಂತೆ ಜೋಡಿಸಿ ಟೇಪು ಅಂಟಿಸಬೇಕು. ಹೊಲಿದವಳೂ ಚೆಕ್ ಮಾಡುವವಳೂ ಕೆಳಗೆ ಸಹಿ ಹಾಕಬೇಕು. ಒಂದು ತುಂಡು ಕಡಿಮೆಯಾದರೂ ಆ ಲಾಟು ಗೇಟು ದಾಟುವಂತಿಲ್ಲ. ಹಡಗು ಹತ್ತಿ ಹೋಗುವ ಅಂಗಿಗಳು ಅವು. ತೊಡುವವರು ಆರು ತಿಂಗಳ ಕೂಸುಗಳು. ಎಲ್ಲಿ ಚುಚ್ಚಿತೆಂದು ಕೇಳಿದರೆ ಹೇಳಲು ಬಾಯಿಲ್ಲದವರು.

ಹಮೀದಾ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪಕ್ಕದವಳಿಂದ ಒಂದು ಸೂಜಿ ಸಾಲ ಪಡೆದು ಹೊಲಿದುಬಿಡಬಹುದಿತ್ತು. ಆಕೆ ಕೈಯೆತ್ತಿ, “ಸಾರ್, ಮೊನೆ ಕಾಣ್ತಿಲ್ಲ” ಎಂದಿದ್ದಳು. ಅದೇ ಆಕೆ ಮಾಡಿದ ತಪ್ಪು.

ಫೈನಲ್ ಚೆಕಿಂಗ್ ಮೇಜಿನ ಹಿಂದೆ ನಿಂತು ಜಟ್ಟೆಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಸುರಪುರದ ಕಡೆಯವಳು, ದೇವಸಂದ್ರದ ಒಂದು ಕೋಣೆಯಲ್ಲಿ ಬಾಡಿಗೆಗಿದ್ದಳು. ಇಲ್ಲಿ ಆಕೆಯ ಹೆಸರು ಹದಿನಾಲ್ಕು. ಆಕೆ ನೋಡಿ ಬಿಟ್ಟ ಪ್ರತಿ ಅಂಗಿಯ ಜೇಬಿನಲ್ಲೂ ಹದಿನಾಲ್ಕು ಎಂಬ ಚೀಟಿ ಕೂತು ಸಮುದ್ರ ದಾಟುತ್ತಿತ್ತು. ಹೋದ ವರ್ಷ ಯಾವುದೋ ಊರಿನಲ್ಲಿ ಯಾವುದೋ ಕೂಸಿನ ಅಂಗಿಯ ಗುಂಡಿ ಕಿತ್ತುಬಂದು ಅಲ್ಲಿಂದ ದೂರು ಬಂದಾಗ, ಹನ್ನೊಂದನೆಯ ನಂಬರಿನವಳನ್ನು ಬೆಳಿಗ್ಗೆ ಗೇಟಿನಿಂದಲೇ ತಿರುಗಿಸಿ ಕಳಿಸಿದ್ದರು. ಗುಂಡಿಗೇ ಹಾಗಾದರೆ ಸೂಜಿಗೆ ಏನಾದೀತೆಂದು ಜಟ್ಟೆಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದು ಸೋಪಿನ ದಿನ ಬೇರೆ. ತಪಾಸಣೆಯವನು ಬರುವ ದಿನಕ್ಕೆ ಹೆಂಗಸರು ಇಟ್ಟ ಹೆಸರು ಅದು. ಅಂದು ಮಾತ್ರ ಕಕ್ಕಸಿನಲ್ಲಿ ಸೋಪು ಇರುತ್ತಿತ್ತು. ಅವನ ಕಾರು ಗೇಟು ದಾಟುವುದರೊಳಗೆ ಅದು ಒದ್ದೆಯೊದ್ದೆಯಾಗಿಯೇ ಸ್ಟೋರಿನ ಬೀರು ಸೇರುತ್ತಿತ್ತು. ಅವನನ್ನು ಥರ್ಡ್ ಪಾರ್ಟಿ ಎನ್ನುತ್ತಾರೆಂದು ಹಮೀದಾ ಒಮ್ಮೆ ವಿವರಿಸಿದ್ದಳು. ಕೊಳ್ಳುವವನು ಮೊದಲನೆಯವನು, ಮಾರುವ ಸಾಹುಕಾರ ಎರಡನೆಯವನು, ಇಬ್ಬರನ್ನೂ ನಂಬದೆ ನೋಡುವವನು ಮೂರನೆಯವನು. ಹಾಗಾದರೆ ಹೊಲಿಯುವವರು ಎಷ್ಟನೆಯವರು ಎಂದು ಜಟ್ಟೆಮ್ಮ ಕೇಳಿದಾಗ ಇಬ್ಬರೂ ಲೆಕ್ಕ ಹಾಕಿ ಹಾಕಿ ನಕ್ಕಿದ್ದರು.

ಹನ್ನೊಂದೂವರೆಗೆ ಮುನಿರಾಜುವಿನ ತಾಳ್ಮೆ ಮುಗಿಯಿತು. ಡಬ್ಬಿಯಿಂದ ಒಂದು ಹೊಸ ಸೂಜಿ ತೆಗೆದು, ಇಕ್ಕಳದಲ್ಲಿ ಹಿಡಿದು ಲಟಕ್ಕನೆ ಮುರಿದ. ಕೆಳಗಿನ ತುಂಡನ್ನು ರಿಜಿಸ್ಟರಿನಲ್ಲಿ ಹಳೆಯ ತುಂಡುಗಳ ಕೆಳಗೆ ಇಟ್ಟು ಟೇಪು ಒತ್ತಿ, “ಸಿಕ್ತು. ಸೈನ್ ಹಾಕು” ಎಂದ.

“ಇದು ನನ್ ಸೂಜೀದಲ್ಲ ಸಾರ್” ಎಂದಳು ಹಮೀದಾ.

“ನಿನ್ ಸೂಜಿಗೇನು ಜಾತಕ ಬರ್ಸಿಟ್ಟಿದ್ಯಾ? ಹಾಕೇ. ಇಲ್ದಿದ್ರೆ ಈಗ್ಲೇ ಶಿವಾಜಿನಗರದ ಬಸ್ ಹತ್ತಿ ಮನೆಗೋಗು.”

ಆಕೆ ಪೆನ್ನು ಮುಟ್ಟಲಿಲ್ಲ. ಅವನು ತಾನೇ ಏನೋ ಗೀಚಿಕೊಂಡು ಜಟ್ಟೆಮ್ಮನ ಕಡೆ ತಿರುಗಿ ಹೆಬ್ಬೆಟ್ಟು ಒತ್ತೆಂದ. ತನಗೆ ಬರೆಯಲು ಬರುತ್ತದೆಂದು ಆಕೆ ಹೇಳಿದಳು. “ಬಂದ್ರೆ ಬರಿ, ಸರಸ್ವತಿ” ಎಂದ. ಆಕೆ ಬರೆಯಲಿಲ್ಲ, ಹಾಳೆಯನ್ನು ನೋಡುತ್ತ ನಿಂತಳು. ಪುಸ್ತಕವನ್ನು ಕಿತ್ತುಕೊಂಡು ಹದಿನಾಲ್ಕು ಎಂಬುದನ್ನೂ ಅವನೇ ಬರೆದ.

ಅಷ್ಟು ಹೊತ್ತಿಗೆ ಜಟ್ಟೆಮ್ಮ ನೋಡಬೇಕಾದದ್ದನ್ನು ನೋಡಿದ್ದಳು. ಹಳೆಯ ತುಂಡಿನಲ್ಲಿ ದಾರ ಪೋಣಿಸುವ ಕಣ್ಣು ಇತ್ತು. ಅವನು ಮುರಿದಿಟ್ಟ ತುಂಡಿನಲ್ಲೂ ಒಂದು ಕಣ್ಣು ಇತ್ತು. ಮಷೀನಿನ ಸೂಜಿಗೆ ಕಣ್ಣಿರುವುದು ಮೊನೆಯ ಪಕ್ಕದಲ್ಲೇ; ಮೊನೆಯನ್ನಷ್ಟೇ ಮುರಿಯಲು ಹೋಗಿ ಕಣ್ಣಿನ ಸಮೇತ ಮುರಿದಿದ್ದ. ನೂರಾರು ಹೆಂಗಸರ ಹೊಲಿಗೆಯ ಮೇಲೆ ಅಧಿಕಾರ ನಡೆಸುವ ಗಂಡಸು ಹುಟ್ಟಿದಂದಿನಿಂದ ಒಂದು ಸೂಜಿಗೆ ದಾರ ಪೋಣಿಸಿರಲಿಲ್ಲ.

ತಪಾಸಣೆಯ ರಯಾನ್ ಹನ್ನೆರಡಕ್ಕೆ ಬಂದ. ಬೆನ್ಸನ್ ಟೌನಿನವನು, ಮೂವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಶರಟು. ಫ್ರೇಜರ್ ಟೌನಿನಿಂದ ತರಿಸಿದ್ದ ಬಿರಿಯಾನಿ ಅವನಿಗಿಂತ ಮೊದಲೇ ಬಂದು ಕಾಯುತ್ತಿತ್ತು. ಅಂಗಿಯೊಳಗೆ ಉಳಿದ ಲೋಹವನ್ನು ಪತ್ತೆ ಹಚ್ಚುವ ಯಂತ್ರ ಕೆಟ್ಟು ಹತ್ತು ದಿನವಾಗಿದ್ದರೂ ಅದರ ಹಸಿರು ದೀಪ ಉರಿಯುತ್ತಿತ್ತು. ಅವನು ತೆಗೆದ ಫೋಟೋಕ್ಕೆ ಅಷ್ಟು ಸಾಕಾಯಿತು. ಹಮೀದಾ ಬೆಳಿಗ್ಗೆ ಹೊಲಿದ ಅಂಗಿಗಳೂ ಸೇರಿ ಪ್ಯಾಕಾಗಿದ್ದ ನಲವತ್ತು ಪೆಟ್ಟಿಗೆಗಳ ರಾಶಿಯಿಂದ ತನಗೆ ತೋಚಿದವನ್ನು ಆರಿಸಬೇಕಾದದ್ದು ಅವನ ಕೆಲಸ. ಮುನಿರಾಜು ಕೈಗೆ ಸಿಗುವಂತೆ ಜೋಡಿಸಿಟ್ಟಿದ್ದ ಎಂಟೇ ಅವನಿಗೆ ತೋಚಿದವು.

ಅವುಗಳಿಂದ ಎಂಬತ್ತು ಅಂಗಿ ತೆಗೆದು ಬಿಡಿಸಿ ಕೊಡುವುದು ಜಟ್ಟೆಮ್ಮನ ಪಾಲಿಗೆ ಬಂತು. ಇಪ್ಪತ್ತನೆಯದನ್ನು ಕೊಡುವಾಗ ರಯಾನ್ ಆಕೆಯ ಊದಿದ ಕಾಲು ಕಂಡು, ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗನ್ನು ನೆಲಕ್ಕಿಟ್ಟು, “ಕೂತ್ಕೊಳ್ಳಿ ಆಂಟಿ” ಎಂದ. ಆರು ವರ್ಷದಲ್ಲಿ ಆ ಗೋಡೆಗಳೊಳಗೆ ಆಕೆಗೆ ಕುರ್ಚಿ ಕೊಟ್ಟ ಮೊದಲನೆಯವನು. ಆಕೆ ಕೂತಳು. ಕೂತ ಸುಖಕ್ಕೆ ಕಣ್ಣು ತುಂಬಿತು. ಈ ಹುಡುಗನ ಕುರ್ಚಿಯ ಋಣಕ್ಕಾದರೂ ಬಾಯಿ ಮುಚ್ಚಿಕೊಂಡಿರಬೇಕೇನೋ ಎಂದು ಎಂಬತ್ತನೆಯ ಅಂಗಿಯವರೆಗೂ ಅನ್ನಿಸುತ್ತಲೇ ಇತ್ತು.

ಅವನು ರಿಜಿಸ್ಟರು ತೆರೆದಾಗ ಆಕೆ ಕೇಳಿದಳು: “ಸರ, ಒಂದು ಸೂಜಿಗಿ ಎಷ್ಟು ಕಣ್ಣಿರ್ತಾವ?”

“ಒಂದು. ಯಾಕಾಂಟಿ?”

“ಇಲ್ನೋಡ್ರಿ. ನಮ್ಮ ಸಾಹೇಬ್ರ ಸೂಜಿ ಎರಡೂ ಕಣ್ಣು ಬಿಟ್ಕೊಂಡು ಕುಂತದ.”

ಹತ್ತಿರದ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಮಷೀನಿನಿಂದ ಮಷೀನಿಗೆ ಹರಿಯಿತು. “ಮುಚ್ಚೇ ಬಾಯಿ, ಬೇವರ್ಸಿ ಮುಂಡೆ” ಎಂದು ಮುನಿರಾಜು ಮೇಜು ಗುದ್ದಿದ.

ರಯಾನ್ ಹಾಳೆಯನ್ನು ಹತ್ತಿರ ಹಿಡಿದು ನೋಡಿದ. ಒಂದು, ಎರಡು. ಅವನ ಕಿವಿ ಕೆಂಪಾಯಿತು. ಆಮೇಲೆ ಮೆಲ್ಲಗೆ, ಕೆಟ್ಟ ಮನುಷ್ಯನಲ್ಲದವನ ದನಿಯಲ್ಲಿ ಹೇಳಿದ: “ನಾನು ನೋಡ್ಬೇಕಾಗಿದ್ದು ಎಂಬತ್ತು ಪೀಸು. ಎಂಬತ್ತೂ ಓಕೆ. ರಿಜಿಸ್ಟರ್ ಇದೆಯಾ, ಇಲ್ವಾ, ಅಷ್ಟೇ ಆಂಟಿ ನನ್ ಫಾರ್ಮಲ್ಲಿರೋದು.”

‘ಇದೆ’ ಎಂಬಲ್ಲಿ ಗುರುತು ಹಾಕಿ, ಬ್ಯಾಗು ಎತ್ತಿಕೊಂಡು, ಆಕೆಯ ಮುಖ ನೋಡದೆ ಬಿರಿಯಾನಿಯ ಕಡೆಗೆ ನಡೆದ.

ಅವನು ಒಳಗೆ ಹೋದ ಮೇಲೆ ಮುನಿರಾಜು ಹತ್ತಿರ ಬಂದ. ನಾಳೆಯಿಂದ ಹದಿನಾಲ್ಕೂ ಇಲ್ಲ, ಆ ಹಮೀದಾಳೂ ಇಲ್ಲ, ಲಾರಿ ಹೊರಟ ಕೂಡಲೇ ಇಬ್ಬರೂ ಜಾಗ ಖಾಲಿ ಮಾಡಬೇಕು ಎಂದ. ಜಟ್ಟೆಮ್ಮ ತಲೆಯಾಡಿಸಿದಳು. ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನು ತೆಗೆದುಕೊಂಡು, ಕುಂಟುತ್ತ ಪೆಟ್ಟಿಗೆಗಳ ರಾಶಿಯ ಹತ್ತಿರ ಹೋಗಿ, ಯಾರಿಗೂ ತೋಚದಿದ್ದ ಹಿಂದಿನ ಸಾಲಿನ ಒಂದು ಪೆಟ್ಟಿಗೆಯ ಟೇಪನ್ನು ಉದ್ದಕ್ಕೂ ಸೀಳಿದಳು.

“ಏಯ್! ಪ್ಯಾಕಿಂಗ್ ಮುಟ್ಟಿದ್ರೆ ಕೈ ಮುರೀತೀನಿ. ಲಾರಿ ನಿಂತಿದೆ.”

“ನಿಲ್ಲಲಿ. ಮೂರನೇ ಪಾರ್ಟಿ ಎಂಬತ್ತು ನೋಡ್ಯಾನ. ಉಳಿದದ್ದು ನಾವ್ ನೋಡ್ತೀವಿ.”

ಅವನು ಆಕೆಯ ರಟ್ಟೆ ಹಿಡಿದ. ಹಮೀದಾ ಮಷೀನಿನ ಸ್ವಿಚ್ಚು ಆರಿಸಿ ಎದ್ದು ಬಂದು ಇಬ್ಬರ ನಡುವೆ ನೆಲದ ಮೇಲೆ ಕೂತಳು. ಆಕೆಯ ಪಕ್ಕದವಳು ಆರಿಸಿದಳು. ಅದರಾಚೆಯವಳು ಆರಿಸಿದಳು. ಸಾಲು ಸಾಲಾಗಿ ಗುಂಯ್‌ಗುಡುವಿಕೆ ನಿಂತು, ಹೊರಗೆ ಹಳೆಯ ಮದ್ರಾಸು ರಸ್ತೆಯ ಹಾರನ್ನುಗಳು ಮೊದಲ ಬಾರಿಗೆ ಒಳಗೆ ಕೇಳಿಸಿದವು. ಯಾರೋ ಎರಡನೆಯ ಪೆಟ್ಟಿಗೆ ಎಳೆದರು. ರಟ್ಟೆ ಹಿಡಿದಿದ್ದ ಕೈ, ಯಾರನ್ನು ಹಿಡಿಯಬೇಕೆಂದು ತಿಳಿಯದೆ ಸಡಿಲವಾಯಿತು.

ಜಟ್ಟೆಮ್ಮ ಕೂತು, ಅಂಗೈಯಗಲದ ಮೊದಲ ಅಂಗಿಯನ್ನು ಎರಡೂ ಕೈಗಳ ನಡುವೆ ಇಟ್ಟು ಜೋರಾಗಿ ಒತ್ತಿದಳು.

ಚುಚ್ಚಲಿಲ್ಲ.

ಅದನ್ನು ಮಡಚಿ ಪಕ್ಕಕ್ಕಿಟ್ಟು ಎರಡನೆಯದನ್ನು ತೆಗೆದಳು.