ಸೆರಗಿನೊಳಗಿನ ಕೈ

ಆಂಬುಲೆನ್ಸ್ ಕಡೂರು ದಾಟಿದರೂ ಅಂಬಮ್ಮ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆಯಲಿಲ್ಲ. ಎಡಗೈ ಮಗಳು ಅನಿತಾಳ ಹಣೆಯ ಮೇಲಿತ್ತು. ಹಣೆ ತಣ್ಣಗೆ ಬೆವೆತಿತ್ತು.

“ಎಂಟು ತಿಂಗಳು. ಕೂಸಿನ ಕಸ, ಪ್ಲಾಸೆಂಟಾ, ಕೆಳಗಡೆ ಇದೆ ಅಂತ ಸ್ಕ್ಯಾನ್‌ನಲ್ಲೇ ಬಂದಿದೆ,” ಎನ್ನುತ್ತ ನರ್ಸ್ ನಯನ ಅನಿತಾಳ ‘ತಾಯಿ ಕಾರ್ಡ್’ ಮಡಚಿದಳು. “ಮನೇಲಿ ಯಾರಾದ್ರೂ ಕೈ ಹಾಕಿ ನೋಡಿದ್ರೇನಮ್ಮ?”

ಅಂಬಮ್ಮ ಬಾಯಿ ತೆರೆಯುವ ಮೊದಲೇ ಅನಿತಾ ಹೇಳಿದಳು: “ಯಾರೂ ಇಲ್ಲ ಸಿಸ್ಟರ್.”

“ರಕ್ತ ಎಷ್ಟು ಹೋಯ್ತು?”

“ಸ್ವಲ್ಪ.”

ಅಂಬಮ್ಮ ಕಿಟಕಿಯ ಕಡೆ ತಿರುಗಿದಳು. ಗಾಜಿಗೆ ಬಣ್ಣ ಬಳಿದಿದ್ದರು, ಹೊರಗೆ ಏನೂ ಕಾಣುತ್ತಿರಲಿಲ್ಲ.

ಬೆಳಗ್ಗೆ ಯಗಟಿಯ ಮನೆಯ ಬಚ್ಚಲ ಬಾಗಿಲಲ್ಲಿ ಅನಿತಾ ‘ಅವ್ವಾ’ ಎಂದು ಕೂಗಿದ್ದಳು. ನೋವಿಲ್ಲ. ಬರೀ ಕೆಂಪು, ಅಂಗೈಯಷ್ಟು. ಚೊಚ್ಚಲ ಬಸುರಿ, ತವರಿಗೆ ಬಂದು ಹತ್ತು ದಿನವಾಗಿತ್ತು. ಕಳಿಸುವಾಗ ಅಳಿಯ ಹಾಲೇಶ್ ಅಜ್ಜಂಪುರದ ತನ್ನ ಮನೆಯ ಬಾಗಿಲಲ್ಲಿ ನಿಂತು ಡಾಕ್ಟರ ಮಾತನ್ನು ಎರಡು ಸಲ ಹೇಳಿದ್ದ.

“ಅತ್ತೆ, ಕಸ ಕೂಸಿನ ದಾರಿಗೆ ಅಡ್ಡ ಕೂತದೆ. ರಕ್ತ ಕಂಡ್ರೆ ಸೀದಾ ಫೋನ್ ಮಾಡಿ. ಯಾರೂ ಕೈ ಹಾಕಿ ನೋಡ್ಬಾರ್ದು.”

ಯಾರೂ ಅಂದರೆ ಬೇರೆಯವರು ಎಂದುಕೊಂಡಿದ್ದಳು ಅಂಬಮ್ಮ. ಅವಳದು ಮೂವತ್ತು ವರ್ಷ ಕುರಿಗಳ ಹೊಟ್ಟೆಯೊಳಗೆ ಅಡ್ಡ ಬಿದ್ದ ಮರಿಗಳನ್ನು ತಿರುಗಿಸಿ ಎಳೆದ ಕೈ. ಎಲ್ಲರೂ ಆಸ್ಪತ್ರೆಗೆ ಹೋಗಲು ಶುರುಮಾಡುವ ಮೊದಲು ಊರಿನ ಅರ್ಧ ಹೆಂಗಸರು ಹೆರಿಗೆಗೆ ಕರೆದು ಕೂರಿಸಿಕೊಂಡ ಕೈ. ಫೋನ್ ಮಾಡಿದ್ದಕ್ಕೆ, ಆಂಬುಲೆನ್ಸ್ ಬರಲು ಮುಕ್ಕಾಲು ಗಂಟೆ ಅಂದರು. ಮುಕ್ಕಾಲು ಗಂಟೆ ಸುಮ್ಮನೆ ಕೂರುವುದು ಆ ಕೈಗೆ ಗೊತ್ತಿರಲಿಲ್ಲ. ಸೋಪು ಹಚ್ಚಿ ತೊಳೆದು ಕೊಬ್ಬರಿ ಎಣ್ಣೆ ಸವರಿಕೊಂಡಳು.

“ನಾನೇನು ನಿನ್ ಕುರೀನಾ ಅವ್ವಾ?” ಅನಿತಾ ನಕ್ಕಿದ್ದಳು.

“ಕುರಿ ಇಷ್ಟು ಮಾತಾಡಲ್ಲ ಕಣೇ. ಸುಮ್ಕೆ ಮಲಿಕ್ಕ.”

ಬೆರಳಿಗೆ ಕೂಸಿನ ತಲೆಯ ಗಟ್ಟಿ ಸಿಗಲಿಲ್ಲ. ನೆನೆದ ಸ್ಪಂಜಿನಂಥದ್ದು ಸಿಕ್ಕಿತು. ಅದು ಏನೆಂದು ತಿಳಿಯುವಷ್ಟರಲ್ಲಿ ಬಿಸಿ ರಕ್ತ ಮಣಿಕಟ್ಟು ದಾಟಿ ಇಳಿಯಿತು.

ಆಮೇಲೆ ಎರಡು ಸೀರೆ, ಒಂದು ಚಾಪೆ. ಹೊರಗಿನವರು ನೋಡಬಾರದೆಂದು ಎಲ್ಲವನ್ನೂ ಹಂಡೆಯ ಹಿಂದೆ ತುರುಕಿ, ಮಗಳ ಮೈ ಒರೆಸಿ, ಒಗೆದ ಸೀರೆ ಉಡಿಸಿದಳು. ಆಂಬುಲೆನ್ಸ್ ಬಂದಾಗ ಮನೆ ಚೊಕ್ಕಟವಾಗಿತ್ತು. ರಕ್ತವೂ ನಿಂತಂತಿತ್ತು.

ದೊಡ್ಡಾಸ್ಪತ್ರೆಗೆ ಹಾಲೇಶ್ ಬೈಕಿನಲ್ಲಿ ಮೊದಲೇ ಬಂದು ನಿಂತಿದ್ದ. ಡಾಕ್ಟರಮ್ಮ ಅನಿತಾಳನ್ನು ನೋಡಿ ಹೊರಗೆ ಬಂದರು.

“ಈಗ ರಕ್ತ ನಿಂತಿದೆ. ಸ್ವಲ್ಪವೇ ಹೋಗಿದ್ರೆ, ಕೂಸಿನ ಶ್ವಾಸಕೋಶ ಬಲಿಯೋಕೆ ಇಂಜೆಕ್ಷನ್ ಕೊಟ್ಟು ಎರಡು ದಿನ ಕಾಯ್ಬಹುದು. ಆದ್ರೆ ನಾಡಿ ಯಾಕೆ ಇಷ್ಟು ಓಡ್ತಿದೆ? ನಿಜವಾಗ್ಲೂ ಸ್ವಲ್ಪವೇನಾ?”

ಹಾಲೇಶ್ ಅತ್ತೆಯ ಮುಖ ನೋಡಿದ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮಗಳು ಸುಳ್ಳು ಹೇಳಿದ್ದೇ ಅದಕ್ಕೆ.

“ಇಲ್ಲ ಕಣವ್ವ,” ಅಂದಳು ಅಂಬಮ್ಮ. “ಮೊದ್ಲು ಅಂಗೈಯಷ್ಟು. ನಾನು ಕೈ ಹಾಕಿ ನೋಡ್ದೆ. ಆಮೇಲೆ ಎರಡು ಸೀರೆ ತೊಯ್ದು ಚಾಪೆಗೆ ಇಳೀತು. ಎರಡು ಚೊಂಬಿಗೆ ಕಮ್ಮಿ ಇಲ್ಲ. ಬಟ್ಟೆಯೆಲ್ಲ ಬಚ್ಚಿಟ್ಟು ಬಂದೀನಿ.”

ಬೈಯಲು ಡಾಕ್ಟರಿಗೆ ಹೊತ್ತಿರಲಿಲ್ಲ. “ಥಿಯೇಟರ್ ರೆಡಿ ಮಾಡಿ, ನಾಲ್ಕು ಬಾಟ್ಲು ರಕ್ತ ತರ್ಸಿ,” ಎಂದು ಕೂಗುತ್ತ ಒಳಗೆ ಹೋದರು. ಸ್ಟ್ರೆಚರ್ ತಳ್ಳುವಾಗಲೇ ಬಿಳಿ ಬಟ್ಟೆಯ ಮೇಲೆ ಮತ್ತೆ ಕೆಂಪು ಹರಡುತ್ತಿತ್ತು.

“ಎರಡು ಸಲ ಹೇಳಿದ್ದೆ ಅತ್ತೆ.”

“ಹೂಂ, ನೀನು ಹೇಳಿದ್ದೆ ಕಣಪ್ಪ.”

ಇಬ್ಬರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತರು. ನಡುವೆ ಅನಿತಾಳ ಚಪ್ಪಲಿಗಳಿದ್ದವು.

ಮಧ್ಯಾಹ್ನ ಡಾಕ್ಟರ್ ಬಂದರು. ಹೆಣ್ಣು ಕೂಸು, ಎರಡು ಕೆಜಿಗೂ ಕಮ್ಮಿ, ಗಾಜಿನ ಪೆಟ್ಟಿಗೆಯಲ್ಲಿ ಉಸಿರಾಡುತ್ತಿದೆ. ತಾಯಿ ಉಳಿದಿದ್ದಾಳೆ. “ಅಜ್ಜಿ, ನೀವು ಕೈ ಹಾಕ್ಬಾರ್ದಿತ್ತು. ಹೇಳ್ದೆ ಇದ್ದಿದ್ರೆ ನಾನು ಕಾಯ್ತಾ ಕೂತಿರ್ತಿದ್ದೆ,” ಅಂದರು. ಎರಡೂ ಮಾತುಗಳನ್ನು ಒಂದೇ ದನಿಯಲ್ಲಿ.

ಹಾಲೇಶ್ ಗೋಡೆ ನೋಡುತ್ತ ಹೇಳಿದ: “ಬಾಣಂತನ ನಮ್ಮನೇಲೇ ಆಗ್ಲಿ ಅತ್ತೆ. ನಮ್ಮವ್ವ ನೋಡ್ಕೊಂತಾಳೆ.”

ಚೊಚ್ಚಲ ಬಾಣಂತನ ತವರಿನದು. ಯಗಟಿಯಲ್ಲಿ ಸೌದೆ ಒಟ್ಟಿತ್ತು, ತೊಟ್ಟಿಲು ತೊಳೆದಿಟ್ಟಿತ್ತು. ಅಂಬಮ್ಮ ಆಗಲಿ ಎಂದು ತಲೆಯಾಡಿಸಿದಳು.

ಆಯಾ ಒಂದು ದಪ್ಪ ಪ್ಲಾಸ್ಟಿಕ್ ಕವರ್ ತಂದಳು. “ಕಸ. ನಿಮ್ ಕಡೆ ಮಣ್ಣು ಮಾಡ್ತೀರಂತಲ್ಲ, ಬೇಕೇನಮ್ಮ?”

ಅಂಬಮ್ಮ ಎಡಗೈಯಲ್ಲೇ ಕವರಿನ ಬಾಯಿ ಸರಿಸಿ ನೋಡಿದಳು. ಯಾರ ಹೆರಿಗೆಯಾದರೂ ಕಸ ಪೂರ್ತಿ ಬಂದಿದೆಯೇ ಎಂದು ನೋಡುವುದು ಅವಳ ರೂಢಿ. ಪೂರ್ತಿ ಇತ್ತು. ಒಂದು ಅಂಚಿನಲ್ಲಿ ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು, ಎರಡು ಬೆರಳಿನಗಲ. ಅವಳು ಕವರಿನ ಬಾಯಿ ಮಡಚಿ, ಎಡಗೈಯಲ್ಲೇ ಅದನ್ನು ಅಳಿಯನ ಕಡೆ ಚಾಚಿದಳು.

“ಬಾಣಂತಿ ಎರ್ಕೊಂಡ ನೀರು ಇದರ ಮೇಲೆ ಹರೀಬೇಕು. ಅವಳು ಎಲ್ಲಿ ಎರ್ಕೊಂತಾಳೋ ಅಲ್ಲೇ ಹೂಳ್ಬೇಕು. ನಿಮ್ಮನೆಗೇ ತಗಂಡೋಗಪ್ಪ.”

ಹಾಲೇಶ್ ತಕ್ಷಣ ತೆಗೆದುಕೊಳ್ಳಲಿಲ್ಲ. ಆಮೇಲೆ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಬಾಗಿಲವರೆಗೆ ಹೋದವನು ನಿಂತ.

“ಎಷ್ಟು ಆಳ ತೆಗೀಬೇಕು ಅತ್ತೆ?”

ಆಂಬುಲೆನ್ಸ್ ಹತ್ತಿದ ಮೇಲೆ ಮೊದಲ ಸಲ ಅಂಬಮ್ಮ ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದಳು. ಉಗುರಿನ ಸಂದುಗಳಲ್ಲಿ ಕಂದು ಬಣ್ಣ ಇನ್ನೂ ಉಳಿದಿತ್ತು. ಬೆರಳುಗಳನ್ನು ನೆಲದ ಕಡೆಗೆ ನೀಡಿ, ಮೊಳಕೈಯ ಹತ್ತಿರ ಎಡಗೈಯಿಂದ ಗುರುತು ಮಾಡಿ ತೋರಿಸಿದಳು.

“ಇಷ್ಟು. ನಾಯಿ ಕೆದಕದಂಗೆ ಮೇಲೊಂದು ಕಲ್ಲಿಡು.”